ಎರಡನೆಯವನ ಸರದಿ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮದುವೆ, ವ್ಯಾಪಾರ, ಮಕ್ಕಳ ವಿದ್ಯಾಭ್ಯಾಸ ಇವುಗಳ ಕುರಿತೇ ಇರುತ್ತವೆ. ಕಳೆದ ತಿಂಗಳು ಬಂದ ಒಂದು ಪತ್ರ ಮಾತ್ರ ಬೇರೆ ಬಗೆಯದು. ಬರೆದವರು ನಮ್ಮ ಗಡಿನಾಡಿನ ಒಂದು ಪೇಟೆಯ ತರುಣ. ಹೆಸರು, ಊರು ಅಚ್ಚಾಗಬಾರದು ಎಂದು ಕೇಳಿಕೊಂಡಿದ್ದಾರೆ.

ಈ ತರುಣ ಹನ್ನೊಂದು ವರ್ಷದಿಂದ ದೊಡ್ಡಪ್ಪನ ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದಾರೆ. ಥಾನು ಬಿಚ್ಚುವುದು, ಅಳೆಯುವುದು, ಮತ್ತೆ ಮಡಚುವುದು, ಉದ್ರಿ ಬಾಕಿ ವಸೂಲಿಗೆ ಹಳ್ಳಿ ಹಳ್ಳಿ ತಿರುಗುವುದು, ಎಲ್ಲವೂ ಇವರದೇ. ಗಲ್ಲಾದ ಕೀಲಿಕೈ ಮಾತ್ರ ದೊಡ್ಡಪ್ಪನ ಸೊಂಟದಲ್ಲಿ. ದೀಪಾವಳಿಯ ವಹಿಪೂಜೆಗೆ ಎಂಟು ದಿನವಿರುವಾಗ ದೊಡ್ಡಪ್ಪನಿಗೆ ಅಂಗಡಿಯಲ್ಲೇ ಎದೆನೋವು ಬಂತು. ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಅವರ ತಲೆ ಈ ತರುಣನ ತೊಡೆಯ ಮೇಲಿತ್ತು.

ಮುಂದೆ ಪತ್ರದ ಮಾತನ್ನೇ ಕೊಡುತ್ತೇನೆ. "ಆ ಹೊತ್ತಿನಲ್ಲಿ ನನಗೆ ಬಂದ ಮೊದಲ ಯೋಚನೆ ಏನು ಗೊತ್ತೆ? ಇನ್ನು ಕೀಲಿಕೈ ನನ್ನ ಕೈಗೆ ಬರುತ್ತದೆ ಎಂಬುದು. ಎರಡನೆಯ ಯೋಚನೆಗೆ ಕಣ್ಣಲ್ಲಿ ನೀರು ಬಂತು ನಿಜ. ಆದರೆ ಮೊದಲು ಬಂದದ್ದು ಅದೇ. ದೊಡ್ಡಪ್ಪ ಗುಣವಾಗಿ ಬಂದು ಮತ್ತೆ ಗಲ್ಲಾದಲ್ಲಿ ಕೂತಿದ್ದಾರೆ. ನಾನು ಮತ್ತೆ ಥಾನು ಮಡಚುತ್ತಿದ್ದೇನೆ. ಬಸದಿಗೆ ಹೋದರೆ ಕೈಮುಗಿಯಲು ನಾಚಿಕೆಯಾಗುತ್ತದೆ. ನನ್ನ ಸರದಿ ಎಂದಾದರೂ ಬರುತ್ತದೆಯೇ? ಅದು ಬರಲಿ ಎಂದು ಬಯಸುವುದೇ ಪಾಪವೇ?"

ಇದಕ್ಕೆ ನಾನು ಪುರಾಣದಿಂದ ಉತ್ತರ ಕೊಡಬಹುದಿತ್ತು. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಹೋದ ಬಾಹುಬಲಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ಮಹಾಪುರುಷರ ಎತ್ತರ ನೋಡಿ "ಅದು ನಮ್ಮಿಂದಾಗದು" ಎಂದು ಮನೆಗೆ ಬರುವುದು ನಮ್ಮ ರೂಢಿ. ಆದ್ದರಿಂದ ಈ ಸಲ ಕಿರಾಣಿ ಅಂಗಡಿಯಲ್ಲಿ ರಾತ್ರಿಪಾಳಿ ಮಾಡಿದ ಒಬ್ಬ ಸಾಮಾನ್ಯನ ಕಥೆ ಹೇಳುತ್ತೇನೆ. ಅದು ನಡೆದದ್ದು ಅಮೆರಿಕದಲ್ಲಿ, 1999ರಲ್ಲಿ, ಒಂದು ಆಟದ ಮೈದಾನದಲ್ಲಿ.

ಗಲ್ಲಾದ ಮೇಲೆ ಕೂತವನು

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಶಾಲೆಯ ಬಯಲಿನಲ್ಲಿ ಕಂಡ ಕಾಲ್ಚೆಂಡಿನಾಟವನ್ನಲ್ಲ. ಅವರ ಚೆಂಡು ಎರಡೂ ತುದಿಗೆ ಚೂಪು. ಅದನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಒಂದೊಂದು ಕಡೆ 11 ಜನ. ಮೈದಾನದ ಉದ್ದ 100 ಗಜ. ಚೆಂಡು ಪಡೆದ ತಂಡ ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ; ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಹೀಗೆ ಗಜಗಜವಾಗಿ ಸಾಗಿ ಎದುರಾಳಿಯ ಕೊನೆಯ ಗೆರೆ ದಾಟಿದರೆ ಅದು ಟಚ್‌ಡೌನ್. ಅದಕ್ಕೆ 6 ಅಂಕ.

ಈ ಆಟದಲ್ಲಿ ಗಲ್ಲಾದ ಮೇಲೆ ಕೂತವನೆಂದರೆ ಕ್ವಾರ್ಟರ್‌ಬ್ಯಾಕ್. ಸಾಮಾನ್ಯವಾಗಿ ಪ್ರತಿ ಯತ್ನದಲ್ಲೂ ಚೆಂಡು ಮೊದಲು ಈತನ ಕೈಗೆ ಬರುತ್ತದೆ. ಓಡುವವನ ಕೈಗೆ ಕೊಡಬೇಕೋ, ದೂರದಲ್ಲಿರುವವನಿಗೆ ಎಸೆಯಬೇಕೋ ಎಂಬುದನ್ನು ಮೂರು ಸೆಕೆಂಡಿನ ಆಸುಪಾಸಿನಲ್ಲಿ ತೀರ್ಮಾನಿಸಬೇಕು. ತಡವಾದರೆ ಎದುರಿನ ಗಟ್ಟಿಗರು ಮೈಮೇಲೆ ಬೀಳುತ್ತಾರೆ. ಬೇರೆ ಆಟಗಾರರನ್ನು ಆಗಾಗ ಬದಲಿಸುವುದುಂಟು, ಆದರೆ ಕ್ವಾರ್ಟರ್‌ಬ್ಯಾಕನ್ನು ಸುಮ್ಮನೆ ಬದಲಿಸುವುದಿಲ್ಲ. ಎರಡನೆಯವನು, ಮೂರನೆಯವನು ಗೆರೆಯಾಚೆ ನಿಂತು ನೋಡುತ್ತಿರುತ್ತಾರೆ. ಅವರ ಸರದಿ ಬರಬೇಕಾದರೆ ಮೊದಲನೆಯವನು ಆಟದಲ್ಲಿ ಕೆಡಬೇಕು, ಇಲ್ಲವೆ ಪೆಟ್ಟು ತಿಂದು ಬೀಳಬೇಕು. ಪತ್ರ ಬರೆದ ತರುಣನಿಗೆ ಈ ಕಥೆಯನ್ನೇ ಏಕೆ ಆರಿಸಿದೆ ಎಂಬುದು ಈಗ ಹೊಳೆದಿರಬಹುದು.

"ಹೊಡೆದಾಟದ ಆಟ, ಚರ್ಮದ ಚೆಂಡು, ಇದು ನಮ್ಮ ಪತ್ರಿಕೆಗೆ ತಕ್ಕದ್ದೇ?" ಎಂದು ಹಿರಿಯರು ಕೇಳಿದರೆ ಅವರ ಆಕ್ಷೇಪ ನ್ಯಾಯವಾದದ್ದೇ. ಆ ಚೆಂಡು ದನದ ಚರ್ಮದ್ದು. ಆ ಆಟದಲ್ಲಿ ಮೊಣಕಾಲು ಮುರಿಯುತ್ತದೆ, ತಲೆಗೆ ಪೆಟ್ಟಾಗುತ್ತದೆ. ಆಟವನ್ನು ಹೊಗಳಲು ನಾನು ಹೊರಟಿಲ್ಲ. ಒಬ್ಬನ ನೋವಿನಿಂದಲೇ ಇನ್ನೊಬ್ಬನ ಬಾಗಿಲು ತೆರೆಯುವ ಜಾಗದಲ್ಲಿ ಮನುಷ್ಯ ಹೇಗೆ ನಿಲ್ಲಬೇಕು ಎಂಬುದಷ್ಟೇ ಇಲ್ಲಿಯ ವಿಚಾರ. ಅಂಥ ಜಾಗ ನಮ್ಮ ಪೇಟೆಯಲ್ಲೂ ಇದೆ, ನಮ್ಮ ಮನೆಯಲ್ಲೂ ಇದೆ.

ಕಪಾಟು ತುಂಬಿಸುತ್ತಿದ್ದವನು

ಕರ್ಟ್ ವಾರ್ನರ್ 1971ರಲ್ಲಿ ಅಯೋವಾ ರಾಜ್ಯದ ಬರ್ಲಿಂಗ್ಟನ್ ಎಂಬಲ್ಲಿ ಹುಟ್ಟಿದ. ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದ ತಂಡದಲ್ಲಿ ಕಾದು ಕಾದು, ಕೊನೆಯ ವರ್ಷವಾದ 1993ರಲ್ಲಿ ಮಾತ್ರ ಮೊದಲನೆಯವನಾದ. ವೃತ್ತಿ ತಂಡಗಳು ಪ್ರತಿ ವರ್ಷ ಕಾಲೇಜಿನ ಆಟಗಾರರನ್ನು ಒಬ್ಬೊಬ್ಬರಾಗಿ ಹೆಸರು ಕರೆದು ಆರಿಸಿಕೊಳ್ಳುತ್ತವೆ. 1994ರಲ್ಲಿ ಈತನ ಹೆಸರನ್ನು ಯಾರೂ ಕರೆಯಲಿಲ್ಲ.

ಆದರೂ ಗ್ರೀನ್ ಬೇ ಪ್ಯಾಕರ್ಸ್ ಎಂಬ ದೊಡ್ಡ ತಂಡ ಈತನನ್ನು ಪರೀಕ್ಷೆಗೆಂದು ಶಿಬಿರಕ್ಕೆ ಕರೆಯಿತು. ಅಲ್ಲಿ ಒಂದು ದಿನ ತರಬೇತುದಾರ "ಹೋಗು, ಆಡು" ಎಂದಾಗ ವಾರ್ನರ್ ಹಿಂದೆ ಸರಿದ. ತಂಡದ ಆಟದ ಯೋಜನೆಗಳು ಆತನಿಗೆ ಇನ್ನೂ ಬಾಯಿಪಾಠವಾಗಿರಲಿಲ್ಲ, ತಪ್ಪಾದೀತೆಂಬ ಅಂಜಿಕೆ. ಇದನ್ನು ಆತನೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಸ್ವಲ್ಪ ದಿನದಲ್ಲೇ ತಂಡ ಆತನನ್ನು ಮನೆಗೆ ಕಳಿಸಿತು. ಸರದಿ ಬಂದಿತ್ತು, ಮನುಷ್ಯ ಸಿದ್ಧನಿರಲಿಲ್ಲ. ಈ ಮಾತು ನೆನಪಿರಲಿ.

ಊರಿಗೆ ಮರಳಿದ ವಾರ್ನರ್ ಸೀಡರ್ ಫಾಲ್ಸ್ ಪಟ್ಟಣದ ಹೈ-ವೀ ಎಂಬ ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ರಾತ್ರಿಪಾಳಿ. ಗಂಟೆಗೆ ಐದೂವರೆ ಡಾಲರ್. ಗಿರಾಕಿಗಳು ಮಲಗಿರುವಾಗ ಕಪಾಟಿನಲ್ಲಿ ಡಬ್ಬಿ, ಪೊಟ್ಟಣ ಜೋಡಿಸುವುದು, ಖಾಲಿಯಾದಲ್ಲಿ ತುಂಬುವುದು. ಹಗಲು ತನ್ನ ಹಳೆಯ ಕಾಲೇಜಿನ ತಂಡಕ್ಕೆ ಅಭ್ಯಾಸ ಮಾಡಿಸಲು ನೆರವಾಗುತ್ತಿದ್ದ. ಮುಂದೆ ಆತ ಕೈಹಿಡಿದ ಬ್ರೆಂಡಾ ಹಿಂದಿನ ಮದುವೆಯ ಎರಡು ಮಕ್ಕಳ ತಾಯಿ. ಅವಳ ತಂದೆತಾಯಿ ಇಬ್ಬರೂ 1996ರಲ್ಲಿ ಅರ್ಕಾನ್ಸಾ ರಾಜ್ಯದಲ್ಲಿ ಎದ್ದ ಸುಂಟರಗಾಳಿಗೆ ಬಲಿಯಾದರು. ಬಡತನ, ಸಾವು, ಕಾಯುವಿಕೆ ಒಟ್ಟಿಗೇ ನಡೆದಿದ್ದವು.

1995ರಿಂದ ಮೂರು ವರ್ಷ ವಾರ್ನರ್ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಎಂಬ ತಂಡದಲ್ಲಿ ಆಡಿದ. ಅದು ಸೂರಿನ ಕೆಳಗೆ, 50 ಗಜದ ಚಿಕ್ಕ ಅಂಗಳದಲ್ಲಿ ಆಡುವ ಫುಟ್‌ಬಾಲ್. ದೊಡ್ಡ ತಂಡಗಳವರು ಅದನ್ನು ಗಂಭೀರವಾಗಿ ನೋಡುತ್ತಿರಲಿಲ್ಲ. ಆದರೆ ಇಕ್ಕಟ್ಟಿನ ಜಾಗದಲ್ಲಿ ಯೋಚಿಸಲು ಹೊತ್ತಿಲ್ಲ, ಚೆಂಡು ಥಟ್ಟನೆ ಕೈಬಿಡಬೇಕು. ಚಿಕ್ಕ ಅಂಗಡಿಯಲ್ಲಿ ಕಲಿತ ಹುಡುಗನಿಗೆ ಗಿರಾಕಿಯ ಮುಖ ನೋಡಿದ ಕೂಡಲೇ ಬೇಕಾದದ್ದು ತಿಳಿಯುತ್ತದಲ್ಲ, ಹಾಗೆ ವಾರ್ನರ್‌ನ ಕಣ್ಣು, ಕೈ ಎರಡೂ ಚುರುಕಾದವು. 1997ರಲ್ಲಿ ಶಿಕಾಗೋ ಬೇರ್ಸ್ ತಂಡ ಪರೀಕ್ಷೆಗೆ ಕರೆದಾಗ ಎಸೆಯುವ ಕೈಯ ಮೊಣಕೈಗೆ ಜೇಡ ಕಚ್ಚಿ ಊದಿಕೊಂಡು, ಅದೂ ತಪ್ಪಿತು. 1998ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಅಲ್ಲಿಯ ತಂಡಕ್ಕೆ ಆಡಿ ಬಂದ. ಕೊನೆಗೆ ಸೇಂಟ್ ಲೂಯಿ ನಗರದ ರ‍್ಯಾಮ್ಸ್ ತಂಡದಲ್ಲಿ ಮೂರನೆಯವನಾಗಿ ಜಾಗ ಸಿಕ್ಕಿತು. 1998ರ ಋತುವಿನಲ್ಲಿ ಒಟ್ಟು ಎಸೆದದ್ದು 11 ಸಲ, ಗುರಿ ಸೇರಿದ್ದು 4.

ಇನ್ನೊಂದು ಸಂಗತಿ ನಮ್ಮ ವ್ಯಾಪಾರಸ್ಥರಿಗಾಗಿ. 1999ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ತಂಡವನ್ನು ಹೊಸದಾಗಿ ಕಟ್ಟಬೇಕಾಗಿತ್ತು. ಉಳಿದ ತಂಡಗಳು ತಾವು ಬಿಟ್ಟುಕೊಡಲು ಸಿದ್ಧವಿರುವ ಆಟಗಾರರ ಪಟ್ಟಿ ಕೊಡಬೇಕು, ಬೇಕಾದವರನ್ನು ಕ್ಲೀವ್‌ಲ್ಯಾಂಡಿನವರು ಎತ್ತಿಕೊಳ್ಳಬಹುದು ಎಂಬ ಏರ್ಪಾಡು. ರ‍್ಯಾಮ್ಸ್ ಆ ಪಟ್ಟಿಯಲ್ಲಿ ವಾರ್ನರ್‌ನ ಹೆಸರನ್ನೂ ಸೇರಿಸಿತು. ಕ್ಲೀವ್‌ಲ್ಯಾಂಡ್ ಎತ್ತಿಕೊಳ್ಳಲಿಲ್ಲ. ಮನೆಯಲ್ಲಿದ್ದ ಮಾಣಿಕ್ಯವನ್ನು ಬೆಣಚುಕಲ್ಲೆಂದು ಜಗಲಿಯ ಮೇಲಿಟ್ಟರೂ ಹಾದುಹೋದವರು ಮುಟ್ಟದೆ ಹೋದ ಹಾಗಾಯಿತು.

ಒಂದು ಮೊಣಕಾಲು, ಒಂದು ಋತು

ರ‍್ಯಾಮ್ಸ್ ಆಗ ಸೋಲಿನ ತಂಡ. 1990ರಿಂದ 1998ರವರೆಗಿನ ಒಂಬತ್ತು ಋತುಗಳಲ್ಲಿ ಒಂದರಲ್ಲೂ ಗೆಲುವು ಸೋಲಿಗಿಂತ ಹೆಚ್ಚಿರಲಿಲ್ಲ. 1998ರಲ್ಲಿ 16 ಪಂದ್ಯಗಳಲ್ಲಿ ಗೆದ್ದದ್ದು 4. ತರಬೇತುದಾರ ಡಿಕ್ ವರ್ಮೀಲ್ ಅರುವತ್ತು ದಾಟಿದವರು, ಹದಿನಾಲ್ಕು ವರ್ಷ ಆಟದಿಂದ ದೂರವಿದ್ದು 1997ರಲ್ಲಿ ಮರಳಿ ಬಂದವರು. 1999ರ ಋತುವಿಗೆ ಅವರು ಟ್ರೆಂಟ್ ಗ್ರೀನ್ ಎಂಬ ಕ್ವಾರ್ಟರ್‌ಬ್ಯಾಕನ್ನು ಹೊಸದಾಗಿ ಕರೆತಂದರು. ಗ್ರೀನ್ ಅದೇ ಸೇಂಟ್ ಲೂಯಿಯಲ್ಲಿ ಬೆಳೆದ ಹುಡುಗ. ಊರಿನ ಆಸೆಯೆಲ್ಲ ಆತನ ಮೇಲಿತ್ತು. ವಾರ್ನರ್ ಈಗ ಎರಡನೆಯವನು.

1999ರ ಆಗಸ್ಟ್ 28. ಋತು ಇನ್ನೂ ಶುರುವಾಗಿಲ್ಲ, ಪೂರ್ವಾಭ್ಯಾಸದ ಪಂದ್ಯ ಮಾತ್ರ. ಚೆಂಡು ಎಸೆದ ಗ್ರೀನ್‌ನ ಕಾಲಿಗೆ ಎದುರಾಳಿಯೊಬ್ಬ ಬಂದು ಬಡಿದ. ಮೊಣಕಾಲಿನೊಳಗಿನ ರಜ್ಜು ಹರಿಯಿತು. ಇಡೀ ವರ್ಷದ ಆಟ ಆ ಒಂದು ಗಳಿಗೆಯಲ್ಲಿ ಮುಗಿಯಿತು. ವರ್ಮೀಲ್ ಪತ್ರಕರ್ತರ ಮುಂದೆ ಕಣ್ಣು ತುಂಬಿಕೊಂಡರು. ಆದರೆ ಅದೇ ಉಸಿರಿನಲ್ಲಿ, ನಾವೆಲ್ಲ ವಾರ್ನರ್‌ನ ಬೆನ್ನಿಗೆ ನಿಲ್ಲುತ್ತೇವೆ, ಒಳ್ಳೆಯ ಆಟವನ್ನೇ ಆಡುತ್ತೇವೆ ಎಂದು ಎಲ್ಲರೆದುರು ಹೇಳಿಬಿಟ್ಟರು. ಆಗ ವಾರ್ನರ್‌ಗೆ 28 ವರ್ಷ. ಹೊರಗಿನ ಜನ "ಇವನು ಯಾರು?" ಎಂದು ಕೇಳಿದರು.

ಸೆಪ್ಟೆಂಬರ್ 12ರಂದು ಮೊದಲ ಪಂದ್ಯ. ಬಾಲ್ಟಿಮೋರ್ ವಿರುದ್ಧ 27-10ರ ಗೆಲುವು. ವಾರ್ನರ್ ಎಸೆದ ಚೆಂಡುಗಳಿಂದ ಮೂರು ಟಚ್‌ಡೌನ್ ಬಂದವು. ಮುಂದಿನ ಎರಡು ಪಂದ್ಯಗಳಲ್ಲೂ ಮೂರು ಮೂರು. ನಾಲ್ಕನೆಯ ಪಂದ್ಯ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಮೇಲೆ. ಅವರೆದುರು ರ‍್ಯಾಮ್ಸ್ ಸತತ 17 ಸಲ ಸೋತಿತ್ತು. ಅಂದು ವಾರ್ನರ್ ಐದು ಟಚ್‌ಡೌನ್ ಎಸೆದ, ತಂಡ 42-20ರಿಂದ ಗೆದ್ದಿತು. ಋತು ಮುಗಿದಾಗ 16ರಲ್ಲಿ 13 ಗೆಲುವು. ವಾರ್ನರ್‌ನ ಲೆಕ್ಕದಲ್ಲಿ 41 ಟಚ್‌ಡೌನ್ ಎಸೆತಗಳು, 4,353 ಗಜ. ಅಲ್ಲಿಯವರೆಗೆ ಒಂದೇ ಋತುವಿನಲ್ಲಿ 40 ದಾಟಿದ್ದವನು ಡ್ಯಾನ್ ಮರಿನೋ ಒಬ್ಬನೇ. ಆ ವರ್ಷದ ಅತ್ಯುತ್ತಮ ಆಟಗಾರನೆಂಬ ಮನ್ನಣೆ ವಾರ್ನರ್‌ಗೆ ಬಂತು. ಉಪಾಹಾರದ ಧಾನ್ಯ ತುಂಬಿದ ಡಬ್ಬಿಯ ಮೇಲೆ ಆತನ ಚಿತ್ರ ಅಚ್ಚಾಗಿ ಅಂಗಡಿಗಳ ಕಪಾಟಿಗೆ ಬಂತು. ಹಿಂದೆ ಅಂಥ ಡಬ್ಬಿಗಳನ್ನೇ ಆತ ರಾತ್ರಿಯೆಲ್ಲ ಜೋಡಿಸುತ್ತಿದ್ದ.

ಆತನೊಬ್ಬನೇ ಗೆಲ್ಲಿಸಿದ ಎಂದರೆ ಅನ್ಯಾಯವಾಗುತ್ತದೆ. ಓಡುವುದರಲ್ಲಿ ಮಾರ್ಷಲ್ ಫಾಕ್, ಚೆಂಡು ಹಿಡಿಯುವುದರಲ್ಲಿ ಐಸಾಕ್ ಬ್ರೂಸ್, ಕಾವಲಿಗೆ ಆರ್ಲಾಂಡೋ ಪೇಸ್ ಇದ್ದರು. ಒಳ್ಳೆಯ ಗುಮಾಸ್ತರಿಲ್ಲದೆ ಒಳ್ಳೆಯ ಯಜಮಾನನಿಲ್ಲ.

2000ದ ಜನವರಿ 30ರಂದು ಅಟ್ಲಾಂಟಾದಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ, ಟೆನೆಸೀ ಟೈಟನ್ಸ್ ವಿರುದ್ಧ. ರ‍್ಯಾಮ್ಸ್ 16-0ರಿಂದ ಮುಂದಿತ್ತು. ಟೈಟನ್ಸ್ ಪಟ್ಟುಬಿಡದೆ ಬಂದು, ಎರಡು ನಿಮಿಷ ಚಿಲ್ಲರೆ ಉಳಿದಿರುವಾಗ 16-16 ಮಾಡಿತು. ಚೆಂಡು ಮತ್ತೆ ಕೈಗೆ ಬಂದ ಮೊದಲ ಯತ್ನದಲ್ಲೇ ವಾರ್ನರ್ ದೂರಕ್ಕೆ ಎಸೆದ. ಬ್ರೂಸ್ ಹಿಡಿದು ಓಡಿ ಗೆರೆ ದಾಟಿದ. ಒಟ್ಟು 73 ಗಜ. ಕೊನೆಯ ಗಳಿಗೆಯಲ್ಲಿ ಟೈಟನ್ಸ್‌ನ ಕೆವಿನ್ ಡೈಸನ್ ಚೆಂಡು ಹಿಡಿದು ಗೆರೆಯತ್ತ ನುಗ್ಗಿದಾಗ ಮೈಕ್ ಜೋನ್ಸ್ ಆತನ ಕಾಲು ಹಿಡಿದು ಕೆಡವಿದ. ಗೆರೆಗೆ ಒಂದು ಗಜ ಉಳಿದಿರುವಾಗ ಗಡಿಯಾರ ನಿಂತಿತು. 23-16. ಎರಡನೆಯವನು ಮುನ್ನಡೆಸಿದ ತಂಡ ದೇಶಕ್ಕೇ ಮೊದಲಾಯಿತು.

ಲೆಕ್ಕದ ಇನ್ನೊಂದು ಬದಿ

ಇಷ್ಟಕ್ಕೇ ನಿಲ್ಲಿಸಿ "ಕಾದವನಿಗೆ ಫಲವುಂಟು" ಎಂದು ಬರೆದರೆ ಆ ತರುಣನಿಗೆ ನಾನು ಅರ್ಧ ವಹಿ ತೋರಿಸಿದ ಹಾಗೆ. ಜಮಾ ಬದಿ ನೋಡಿದೆವು, ಖರ್ಚಿನ ಬದಿಯೂ ಇದೆ. ಆ ಬದಿಯಲ್ಲಿ ಟ್ರೆಂಟ್ ಗ್ರೀನ್ ಕೂತಿದ್ದಾನೆ. ತನ್ನ ಊರಿನಲ್ಲಿ, ತನ್ನ ಜನರೆದುರು ಆಡಬೇಕಾಗಿದ್ದ ಋತುವನ್ನು ಆತ ಕಟ್ಟುಪಟ್ಟಿ ಹಾಕಿಕೊಂಡು ನೋಡಬೇಕಾಯಿತು.

ನಮ್ಮ ಶಾಸ್ತ್ರದಲ್ಲಿ ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳಿವೆ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಬೇರೆಯವರು ಮಾಡಿದ್ದಕ್ಕೆ ಮನಸ್ಸಿನಲ್ಲಿ ಸೈ ಎಂದದ್ದು. ಮೂರರಿಂದಲೂ ಕರ್ಮ ಅಂಟುತ್ತದೆ. ಗ್ರೀನ್‌ನ ಕಾಲನ್ನು ವಾರ್ನರ್ ಮುರಿಯಲಿಲ್ಲ, ಮುರಿಸಲೂ ಇಲ್ಲ. ನಮ್ಮ ತರುಣನೂ ದೊಡ್ಡಪ್ಪನಿಗೆ ಎದೆನೋವು ತಂದವನಲ್ಲ. ಉಳಿದದ್ದು ಮೂರನೆಯದು, ಹೊರಗಿನವರ ಕಣ್ಣಿಗೆ ಕಾಣದ್ದು. ಎರಡನೆಯ ಜಾಗದಲ್ಲಿ ನಿಂತವರ ಪರೀಕ್ಷೆ ನಡೆಯುವುದೆಲ್ಲ ಅಲ್ಲೇ. ಸಿದ್ಧನಾಗಿರಬೇಕು, ಆದರೆ ಮೊದಲನೆಯವನು ಬೀಳಲಿ ಎಂದು ಬಯಸಬಾರದು. ಹೇಳಲು ಒಂದು ಸಾಲು, ಬಾಳಲು ಹನ್ನೊಂದು ವರ್ಷವೂ ಸಾಲದು.

ಹಾಗಾದರೆ ರಿಕ್ಷಾದಲ್ಲಿ ಬಂದ ಆ ಯೋಚನೆ? ತಮ್ಮಾ, ಬಾಗಿಲು ತೆರೆದಿದ್ದರೆ ಧೂಳು ಒಳಗೆ ಬರುತ್ತದೆ. ಬಂದ ಧೂಳನ್ನು ಕಂಡು ನೀವು ಬೆಚ್ಚಿದಿರಿ, ನಾಚಿದಿರಿ, ಒಬ್ಬರ ಮುಂದೆ ಒಪ್ಪಿಕೊಂಡಿರಿ. ಪ್ರತಿಕ್ರಮಣ ಎಂದರೆ ಅದೇ. ಆ ಯೋಚನೆಗೆ ಮಣೆ ಹಾಕಿ ಕೂರಿಸಿ, ದಿನವೂ ದೊಡ್ಡಪ್ಪನ ಮುಖದಲ್ಲಿ ಕಾಯಿಲೆಯ ಗುರುತು ಹುಡುಕುತ್ತ ಕೂತಿದ್ದರೆ ಅದು ಅನುಮೋದನೆಯಾಗುತ್ತಿತ್ತು. ನೀವು ಹಾಗೆ ಮಾಡಿಲ್ಲ. ಬಸದಿಗೆ ಹೋಗಿ ನಿಶ್ಚಿಂತೆಯಿಂದ ಕೈಮುಗಿಯಿರಿ.

ಆದರೆ ಪತ್ರದ ಇನ್ನೊಂದು ಪ್ರಶ್ನೆಗೆ ಸ್ವಲ್ಪ ಬಿರುಸಾದ ಉತ್ತರ ಕೊಡಬೇಕಾಗಿದೆ. ಸರದಿ ಎಂದಾದರೂ ಬರುತ್ತದೆಯೇ ಎಂದು ಕೇಳಿದ್ದೀರಿ. ಬಂದೇ ಬರುತ್ತದೆ ಎಂದು ನಾನು ಹೇಳಲಾರೆ. ಒಬ್ಬ ವಾರ್ನರ್‌ನ ಹೆಸರು ನಮ್ಮವರೆಗೆ ಬಂದಿದೆ. ಅವನಷ್ಟೇ ಅಭ್ಯಾಸ ಮಾಡಿ, ಗೆರೆಯಾಚೆ ನಿಂತು, ಒಂದು ದಿನವೂ ಒಳಗೆ ಕಾಲಿಡದೆ ಮನೆಗೆ ಹೋದವರು ಎಷ್ಟೋ ಮಂದಿ. ಅವರ ಅಭ್ಯಾಸ ವ್ಯರ್ಥವೇ? ವಾರ್ನರ್‌ನ ಕೈ ಚುರುಕಾದದ್ದು ಚಿಕ್ಕ ಅಂಗಳದಲ್ಲಿ. ದೊಡ್ಡ ಮೈದಾನ ಸಿಗದೆ ಹೋಗಿದ್ದರೂ ಆ ಚುರುಕು ಆತನದೇ ಆಗಿರುತ್ತಿತ್ತು. ಜಾಗವನ್ನು ಇನ್ನೊಬ್ಬರು ಕೊಡಬೇಕು, ಯೋಗ್ಯತೆಯನ್ನು ನಾವೇ ಗಳಿಸಬೇಕು. ಜಾಗವನ್ನು ಇನ್ನೊಬ್ಬರು ಕಸಿಯಬಹುದು, ಯೋಗ್ಯತೆಯನ್ನು ಕಸಿಯಲಾರರು.

ಆಡುಮಾತಿನಲ್ಲಿ ನಾವು ನಿಧಾನ ಎನ್ನುವುದು ಅವಸರವಿಲ್ಲದಿರುವುದಕ್ಕೆ. ಶಾಸ್ತ್ರದಲ್ಲಿ ನಿದಾನ ಎಂಬ ಬೇರೆಯೇ ಮಾತಿದೆ. ಮುಂದೆ ಸಿಗಬೇಕಾದ ಭೋಗವನ್ನೇ ನೆನೆದು ನೆನೆದು ಕೊರಗುವುದು. ಅದು ಆರ್ತಧ್ಯಾನದ ಒಂದು ಬಗೆ. ಎರಡಕ್ಕೂ ನಡುವೆ ಒಂದು ಅಕ್ಷರದ ಅಂತರ. ಎರಡನೆಯವನಿಗೆ ಮೊದಲನೆಯದು ಬೇಕು, ಎರಡನೆಯದು ಬೇಡ.

ಮೊದಲನೆಯವನೂ ಎರಡನೆಯವನಾಗುತ್ತಾನೆ

ಕಥೆ ಅಟ್ಲಾಂಟಾದಲ್ಲಿ ಮುಗಿಯಲಿಲ್ಲ. ಮರುವರ್ಷ, 2000ದ ಅಕ್ಟೋಬರಿನಲ್ಲಿ, ವಾರ್ನರ್‌ನ ಬೆರಳು ಮುರಿಯಿತು. ಆಗ ಒಳಗೆ ಬಂದವನು ಯಾರು? ಅದೇ ಟ್ರೆಂಟ್ ಗ್ರೀನ್! ಕಾಲು ವಾಸಿಯಾಗಿ ಮರಳಿದ ಗ್ರೀನ್ ಆ ವರ್ಷ ಎರಡನೆಯವನಾಗಿ ಗೆರೆಯಾಚೆ ನಿಂತಿದ್ದ, ಸಿದ್ಧನಾಗಿದ್ದ. ಆ ಋತುವಿನಲ್ಲಿ ಆತ 16 ಟಚ್‌ಡೌನ್ ಎಸೆದ. 2001ರಲ್ಲಿ ಕ್ಯಾನ್ಸಸ್ ಸಿಟಿ ತಂಡಕ್ಕೆ ಹೋಗಿ, ಅಲ್ಲಿಗೂ ತರಬೇತುದಾರರಾಗಿ ಬಂದಿದ್ದ ವರ್ಮೀಲರ ಕೈಕೆಳಗೆ ಹಲವು ವರ್ಷ ಮೊದಲನೆಯವನಾಗಿಯೇ ಆಡಿದ. 2006ರಲ್ಲಿ ತಲೆಗೆ ಭಾರೀ ಪೆಟ್ಟು ಬಿದ್ದು ಮೈದಾನದಲ್ಲೇ ಪ್ರಜ್ಞೆ ತಪ್ಪಿದ. ಆ ಆಟದ ಬೆಲೆ ಅಷ್ಟಿದೆ.

ವಾರ್ನರ್‌ನ ಪಾಲಿಗೂ ಚಕ್ರ ತಿರುಗಿತು. 2002ರ ಫೆಬ್ರವರಿ 3ರಂದು ರ‍್ಯಾಮ್ಸ್ ಮತ್ತೆ ಅಂತಿಮ ಪಂದ್ಯಕ್ಕೆ ಬಂತು. ಎದುರಿಗಿದ್ದ ನ್ಯೂ ಇಂಗ್ಲೆಂಡ್ ತಂಡದ ಕ್ವಾರ್ಟರ್‌ಬ್ಯಾಕ್ 24 ವರ್ಷದ ಹುಡುಗ, ಹೆಸರು ಟಾಮ್ ಬ್ರೇಡಿ. ಆತನೂ ಎರಡನೆಯವನೇ! 2000ದ ಆಯ್ಕೆಯಲ್ಲಿ 199ನೆಯವನಾಗಿ ಬಂದಿದ್ದವನು. 2001ರ ಸೆಪ್ಟೆಂಬರಿನಲ್ಲಿ ತಂಡದ ಮೊದಲನೆಯವನಾದ ಡ್ರೂ ಬ್ಲೆಡ್ಸೋ ಪೆಟ್ಟು ತಿಂದು ಬಿದ್ದಾಗ ಒಳಗೆ ಬಂದಿದ್ದ. ಅಂತಿಮಕ್ಕೆ ಒಂದು ವಾರ ಮುಂಚೆ ಬ್ರೇಡಿಯ ಕಾಲಿಗೆ ನೋವಾದಾಗ, ಅಷ್ಟು ದಿನ ಹೊರಗೆ ಕೂತಿದ್ದ ಬ್ಲೆಡ್ಸೋ ಎದ್ದುಬಂದು ಟಚ್‌ಡೌನ್ ಎಸೆದು ತಂಡವನ್ನು ದಡ ಸೇರಿಸಿದ. ಮರುವಾರ ಜಾಗವನ್ನು ಮತ್ತೆ ಬ್ರೇಡಿಗೆ ಬಿಟ್ಟುಕೊಟ್ಟ. ಅಂತಿಮದಲ್ಲಿ ವಾರ್ನರ್‌ನ ತಂಡ 17-20ರಿಂದ ಸೋತಿತು. ಎರಡು ವರ್ಷದ ಹಿಂದಿನ ಎರಡನೆಯವನನ್ನು ಈಗಿನ ಎರಡನೆಯವನು ಗೆದ್ದ.

ಅನಂತರ ರ‍್ಯಾಮ್ಸ್ ತಂಡದಲ್ಲೇ ವಾರ್ನರ್‌ನ ಜಾಗ ಬೇರೊಬ್ಬನಿಗೆ ಹೋಯಿತು. 2004ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ ಒಂಬತ್ತು ಪಂದ್ಯ ಆಡಿ, ಎಲೈ ಮ್ಯಾನಿಂಗ್ ಎಂಬ ಹೊಸ ಹುಡುಗನಿಗೆ ಜಾಗ ಬಿಟ್ಟ. ಮುಂದೆ ಅರಿಜೋನಾ ತಂಡವನ್ನು ಸೇರಿ 2009ರ ಫೆಬ್ರವರಿಯಲ್ಲಿ ಅದನ್ನೂ ಅಂತಿಮ ಪಂದ್ಯದವರೆಗೆ ಕೊಂಡೊಯ್ದ. ಅಲ್ಲಿ ಪಿಟ್ಸ್‌ಬರ್ಗ್ ತಂಡದೆದುರು 23-27ರ ಸೋಲು. 2010ರಲ್ಲಿ ನಿವೃತ್ತನಾದ. 2017ರಲ್ಲಿ ಆ ಆಟದ ಕೀರ್ತಿಶಾಲಿಗಳ ಮಂದಿರಕ್ಕೆ ಆತನ ಹೆಸರು ಸೇರಿತು. ರ‍್ಯಾಮ್ಸ್ ತಂಡವೇ 2016ರಲ್ಲಿ ಸೇಂಟ್ ಲೂಯಿ ಬಿಟ್ಟು ಲಾಸ್ ಏಂಜಲೀಸಿಗೆ ಹೋಯಿತು. ಅನಿತ್ಯ ಭಾವನೆಗೆ ಇನ್ನೇನು ಪಾಠ ಬೇಕು?

ಈ ಆಟದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯನಾದ ಎರಡನೆಯವನು ಇನ್ನೊಬ್ಬನಿದ್ದಾನೆ. ಅರ್ಲ್ ಮಾರಲ್. ಮಯಾಮಿ ತಂಡ ಈತನನ್ನು ಬೇರೆ ತಂಡ ಕೈಬಿಟ್ಟಾಗ ಬರೀ 100 ಡಾಲರ್ ಶುಲ್ಕ ಕೊಟ್ಟು ಪಡೆದಿತ್ತು. 1972ರ ಅಕ್ಟೋಬರಿನಲ್ಲಿ ಮೊದಲನೆಯವನಾದ ಬಾಬ್ ಗ್ರೀಸಿಯ ಕಾಲು ಮುರಿದಾಗ ಮಾರಲ್‌ಗೆ 38 ವರ್ಷ. ಋತುವಿನ ಉಳಿದ ಪಂದ್ಯಗಳನ್ನೆಲ್ಲ ಆತ ಸೋಲಿಲ್ಲದೆ ದಾಟಿಸಿದ. ಅಂತಿಮಕ್ಕೆ ಒಂದು ಮೆಟ್ಟಿಲು ಉಳಿದಿರುವಾಗ ವಾಸಿಯಾದ ಗ್ರೀಸಿಯನ್ನು ತರಬೇತುದಾರ ಡಾನ್ ಶೂಲಾ ಮತ್ತೆ ಒಳಗೆ ಕಳಿಸಿದರು. ಮಾರಲ್ ಹೊರಗೆ ಬಂದು ಕೂತ. ತಂಡ 17 ಪಂದ್ಯಗಳಲ್ಲಿ ಹದಿನೇಳನ್ನೂ ಗೆದ್ದಿತು. ಕೀಲಿಕೈ ಹಿಡಿದವನು ಅದನ್ನು ಹಿಂದಿರುಗಿಸಿದ ಬಗೆ ಅದು.

ಹಿರಿಯರಿಗೆ ಎರಡು ಮಾತು

ಈಗ ಗಲ್ಲಾದ ಮೇಲೆ ಕೂತವರ ಕಡೆ ತಿರುಗುತ್ತೇನೆ. ಎರಡನೆಯವನ ಮನಸ್ಸಿನಲ್ಲಿ ಕೆಟ್ಟ ಯೋಚನೆ ಬಂತೆಂದರೆ ಅದರಲ್ಲಿ ಮೊದಲನೆಯವನ ಪಾಲು ಏನೂ ಇಲ್ಲವೇ? ನಮ್ಮ ಎಷ್ಟೋ ಅಂಗಡಿಗಳಲ್ಲಿ ನಲವತ್ತು ದಾಟಿದ ತಮ್ಮನಿಗೆ ಬ್ಯಾಂಕಿನ ವ್ಯವಹಾರ ಗೊತ್ತಿರುವುದಿಲ್ಲ. ಸೊಸೆಗೆ ಲೆಕ್ಕ ಚೆನ್ನಾಗಿ ಬಂದರೂ ವಹಿ ಮುಟ್ಟಲು ಬಿಡುವುದಿಲ್ಲ. ಯಾರು ಎಷ್ಟು ಬಾಕಿ ಕೊಡಬೇಕೆಂಬುದು ಯಜಮಾನರ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ಹಾಸಿಗೆ ಹಿಡಿದ ದಿನ ಅಂಗಡಿಯೂ ಹಾಸಿಗೆ ಹಿಡಿಯುತ್ತದೆ. ತನ್ನಲ್ಲಿದ್ದ ಎರಡನೆಯವನ ಬೆಲೆ ರ‍್ಯಾಮ್ಸ್ ತಂಡಕ್ಕೂ ತಿಳಿದಿರಲಿಲ್ಲ, ಬಿಟ್ಟುಕೊಡುವ ಪಟ್ಟಿಯಲ್ಲಿ ಹೆಸರು ಬರೆದಿತ್ತು. ಅದೃಷ್ಟದಿಂದ ಉಳಿಯಿತು. ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಜಾಣರು ಹಾಗೆ ಉಳಿಯದೆ ಬೇಸತ್ತು ಬೇರೆಯಾಗಿಲ್ಲ?

ಬೀಳುವ ಮೊದಲೇ ಬಾಗಿಲು ತೆರೆದಿಟ್ಟರೆ ಎರಡನೆಯವನು ನಮ್ಮ ಬೀಳನ್ನು ಕಾಯಬೇಕಾಗಿಲ್ಲ. ತಿಂಗಳಿಗೆ ನಾಲ್ಕು ದಿನ ಅವನನ್ನೇ ಗಲ್ಲಾದಲ್ಲಿ ಕೂರಿಸಿ. ತಪ್ಪು ಮಾಡಿದರೆ ಗಿರಾಕಿಗಳೆದುರು ಬಯ್ಯಬೇಡಿ, ರಾತ್ರಿ ಮನೆಯಲ್ಲಿ ತಿದ್ದಿ. ಹೊರಗಿನವರ ಮುಂದೆ "ಇವನಿದ್ದಾನೆ, ನೋಡಿಕೊಳ್ಳುತ್ತಾನೆ" ಎಂದು ಒಂದು ಮಾತು ಹೇಳಿ. ವರ್ಮೀಲರು ಕಣ್ಣೀರಿನ ನಡುವೆ ಹೇಳಿದ್ದು ಇಷ್ಟೇ. ನಾವು ಅಳು ಬರುವ ಮೊದಲೇ ಹೇಳಬಹುದಲ್ಲ? ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. ಇನ್ನೊಬ್ಬನ ಗುಣ ಕಂಡು ಸಂತೋಷಪಡುವುದು ಪ್ರಮೋದ. ಅದನ್ನು ಮೊದಲು ನಮ್ಮ ಅಂಗಡಿಯೊಳಗಿನವರ ಮೇಲೆ ಪ್ರಯೋಗ ಮಾಡಿ ನೋಡೋಣ.

ಪತ್ರ ಬರೆದ ತಮ್ಮನಿಗೆ ಕೊನೆಯ ಮಾತು. ನಾಳೆ ಬೆಳಿಗ್ಗೆ ಥಾನು ಮಡಚುವಾಗ ಅದು ನಿಮ್ಮದೇ ಅಂಗಡಿಯ ಥಾನು ಎಂಬಂತೆ ಮಡಚಿ. ದೊಡ್ಡಪ್ಪನ ಔಷಧದ ಹೊತ್ತನ್ನು ನೀವೇ ನೆನಪಿಟ್ಟು ಕೊಡಿ. ಆ ರಿಕ್ಷಾದ ಯೋಚನೆಗೆ ಇದಕ್ಕಿಂತ ಒಳ್ಳೆಯ ಪ್ರಾಯಶ್ಚಿತ್ತ ನನಗೆ ತಿಳಿಯದು. ಬಾಕಿಯ ಹಳ್ಳಿಗಳ ಲೆಕ್ಕ ನಿಮಗೆ ಗೊತ್ತು, ಉಳಿದದ್ದನ್ನು ಕೇಳಿ ಕಲಿಯಿರಿ. ಕೇಳಲು ಸಂಕೋಚವಾದರೆ ಈ ಪುಟವನ್ನು ದೊಡ್ಡಪ್ಪ ಊಟ ಮುಗಿಸಿ ಕೂರುವ ಜಾಗದಲ್ಲಿ ಇಟ್ಟುಬಿಡಿ.

ದೊಡ್ಡಪ್ಪಂದಿರೆ, ಈ ಪುಟ ನಿಮ್ಮ ಕೈಗೆ ಬಂದಿದ್ದರೆ ಕೋಪ ಬೇಡ. ಮುಂದಿನ ದೀಪಾವಳಿಯ ವಹಿಪೂಜೆಯ ದಿನ ಹೊಸ ವಹಿಯ ಮೊದಲ ಸಾಲನ್ನು ಪಕ್ಕದಲ್ಲಿ ನಿಂತವನ ಕೈಯಿಂದ ಬರೆಸಿ. ಕೀಲಿಕೈ ನಿಮ್ಮ ಸೊಂಟದಲ್ಲೇ ಇರಲಿ. ಅಕ್ಷರ ಅವನದಾಗಲಿ.